ಮಜ್ಜಿಗೆಹುಲ್ಲಿನ ಎಣ್ಣೆ ಮತ್ತು ಹೊನ್ನತ್ತೆಯ ಕೆನ್ನೆ

ನನಗೆ ಇನ್ನೊಂದು ಕಲ್ಲು ಬೇಕಾಗಿದೆ. ಇದನ್ನು ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಸೊಂಟದ ಪಟ್ಟಿಯಲ್ಲಿರುವ ಈಗಿನ ಕಲ್ಲು ಸಾಲುತ್ತಿಲ್ಲ. ಕಾಲೇಜಿನ ಮೆಟ್ಟಿಲು ಇಳಿಯುವಾಗ ಹಿಮ್ಮಡಿ ನೆಲಕ್ಕೆ ಊರುವುದೇ ಇಲ್ಲ, ಬೆರಳ ತುದಿಯಲ್ಲೇ ಇಳಿದುಬಿಡುತ್ತೇನೆ. ಸ್ವಲ್ಪ ಗಾಳಿ ಬಂದರೆ ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಒಂದು ಕಲ್ಲು ಕೊಳ್ಳುವುದೇನೂ ದೊಡ್ಡ ಕೆಲಸವಲ್ಲ. ಆದರೆ ಭಾರದಂಗಡಿಯ ಮರಿಯಪ್ಪಣ್ಣನ ಎದುರು ನಿಂತು, ಅಷ್ಟು ಜನರ ನಡುವೆ, ಇದಕ್ಕಿಂತ ದೊಡ್ಡದು ಕೊಡಿ ಎಂದು ಬಾಯಿಬಿಟ್ಟು ಕೇಳಬೇಕಲ್ಲ, ಅದು ನನ್ನಿಂದಾಗದ ಮಾತು. ಮದುವೆಯಾಗದ ಹುಡುಗಿ ಇದ್ದಕ್ಕಿದ್ದಂತೆ ಹಗುರಾದಳೆಂದರೆ ಸುಮ್ಮನಿರುವ ಊರಲ್ಲ ನಮ್ಮದು.

ನಮ್ಮೂರಲ್ಲಿ ಪರಿಮಳ ಮೂಗಿಗೆ ಬಿದ್ದವರು ನೆಲ ಬಿಡುತ್ತಾರೆ. ಅದಕ್ಕೇ ಹೂವಾಡಗಿತ್ತಿ ಒಂದು ಮೊಳ ಮಲ್ಲಿಗೆಯ ಜೊತೆಗೆ ಒಂದು ಹಿಡಿ ಜಲ್ಲಿಯನ್ನೂ ಕಟ್ಟಿಕೊಡುತ್ತಾಳೆ. ಮದುವೆ ಮಂಟಪದ ಸೂರಿಗೆ ಒಳಗಿನಿಂದ ಹಾಸಿಗೆ ಹೊಡೆದಿರುತ್ತಾರೆ, ಧಾರೆಯ ಹೊತ್ತಿಗೆ ಗಂಡುಹೆಣ್ಣಿನ ತಲೆ ಬಡಿಯದಿರಲಿ ಎಂದು. ಹೋಟೆಲಿನ ಮೇಜುಗಳ ಕೆಳಗೆ ಕಾಲು ಸಿಕ್ಕಿಸಿಕೊಳ್ಳಲು ಕಬ್ಬಿಣದ ಕೊಂಡಿಗಳಿವೆ. ಬಿಸಿ ಕಾಫಿ ಬಂದರೂ ಕೊಂಡಿಗೆ ಕಾಲು ಹಾಕದೆ ಕೂತ ಪರವೂರಿನವರನ್ನು ಮೇಲಿಂದ ಹಿಡಿದು ಇಳಿಸುವುದು ಮಾಣಿಗಳಿಗೆ ದಿನದ ಕೆಲಸ. ಯಾರಾದರೂ ಅಳತೆ ಮೀರಿ ಏರಿ ತೆಂಗಿನಮರಕ್ಕೋ ದೀಪದ ಕಂಬಕ್ಕೋ ಸಿಕ್ಕಿಕೊಂಡರೆ ಒಣಮೀನಿನ ಸಾಕಮ್ಮನಿಗೆ ಹೇಳಿಕಳಿಸುತ್ತಾರೆ. ಅವಳು ಬುಟ್ಟಿ ಹೊತ್ತು ಬಂದು, ಸರಿಯಾಗಿ ಅವರ ಕೆಳಗೆ ನಿಂತು, ಮುಚ್ಚಳ ತೆಗೆಯುತ್ತಾಳೆ. ಮೇಲಿದ್ದವರು ಮುಖ ಕಿವುಚಿಕೊಂಡು ಮೆಲ್ಲಗೆ ಇಳಿದು ಬರುತ್ತಾರೆ.

ಕೊನೆಗೆ ಧೈರ್ಯ ಮಾಡಿ, ಕಲ್ಲು ತರುತ್ತೇನೆಂದು ಮನೆಯಲ್ಲಿ ಹೇಳಿ, ಮರಿಯಪ್ಪಣ್ಣನ ಅಂಗಡಿಗೆ ಹೋದೆ. ಅವನು ನನ್ನ ಮುಖ ನೋಡಲಿಲ್ಲ, ನೇರವಾಗಿ ಕಾಲು ನೋಡಿದ. "ಏನವ್ವಾ ಕುಮುದಾ, ಹಿಮ್ಮಡಿ ಊರ್ತಾನೇ ಇಲ್ಲ? ಯಾರವ್ವಾ ಅವನು, ದಿನಾ ಮಲ್ಲಿಗೆ ತಂದು ಕೊಡ್ತಿರೋನು?" ಎಂದ. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಾಲನ್ನೇ ನೋಡಿದರು. ಅವನೂ ಇಲ್ಲ ಮಲ್ಲಿಗೆಯೂ ಇಲ್ಲ ಅಣ್ಣಾ, ಲ್ಯಾಬಿನಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆ ಮುಟ್ಟಿ ಮುಟ್ಟಿ ಜಡೆಗೆಲ್ಲ ಅದರ ವಾಸನೆ ಹತ್ತಿಬಿಟ್ಟಿದೆ, ಎಷ್ಟು ತೊಳೆದರೂ ಹೋಗುತ್ತಿಲ್ಲ ಎಂದು ಹೇಳಬೇಕಿತ್ತು. ಅಷ್ಟುದ್ದದ ವಾಕ್ಯ ಗಂಟಲವರೆಗೆ ಬಂದು ವಾಪಸ್ಸು ಹೋಯಿತು. "ಹಗ್ಗ," ಎಂದೆ. ಬೇಡದ ಹಗ್ಗವೊಂದನ್ನು ಕೊಂಡುಕೊಂಡು ಬೆರಳ ತುದಿಯಲ್ಲಿ ಕುಪ್ಪಳಿಸುತ್ತಾ ಮನೆಗೆ ಬಂದೆ.

ಮನೆಯಲ್ಲಿ ಹೊನ್ನತ್ತೆ ಕಾಯುತ್ತಿದ್ದಳು. ಅವಳು ನನ್ನಪ್ಪನ ಅಕ್ಕ, ನನ್ನನ್ನು ಸಾಕಿದವಳು, ಊರಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿಯವಳು. "ಕಲ್ಲು ತತ್ತೀನಿ ಅಂತ ಹೋದೋಳು ಹಗ್ಗ ತಂದವ್ಳೆ! ಏನು, ನನ್ನ ಕಟ್ಟಾಕಕ್ಕಾ ನಿನ್ನ ಕಟ್ಟಾಕಕ್ಕಾ? ಆ ಮರಿಯಪ್ಪನ ಮುಂದೆ ಎರಡು ಮಾತಾಡಕ್ಕಾಗ್ದೆ ಇದ್ರೆ ಅದ್ಯಾವ ಡಿಗ್ರಿನೇ ನಿಂದು?" ಎಂದಳು. ಬೈದರೆ ನನಗೆ ಬೇಸರವಾಗುವುದಿಲ್ಲ. ಅವಳ ಬೈಗುಳ ಕೇಳಿಸಿಕೊಂಡೇ ನಾನು ಬೆಳೆದದ್ದು. ಆದರೆ ಈಗೀಗ ಅವಳು ಬೈಯುವಾಗ ಎಡಗೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಾಳೆ.

ಅವಳು ಭಟ್ಟಿಯವಳು. ಊರ ಹಿಂದಿನ ದಿಬ್ಬದಲ್ಲಿ ಬೆಳೆಯುವ ಮಜ್ಜಿಗೆಹುಲ್ಲನ್ನು ಕೊಯ್ದು, ದೊಡ್ಡ ಹಂಡೆಗೆ ತುಂಬಿ, ಕೆಳಗೆ ಉರಿ ಹಾಕಿ, ಹಬೆಯಲ್ಲಿ ಎಣ್ಣೆ ಇಳಿಸುತ್ತಾರೆ. ಆ ಹಬೆಯ ಮುಂದೆ ಯಾವ ಕಲ್ಲೂ ನಿಲ್ಲುವುದಿಲ್ಲ. ಹಂಡೆಯ ಮುಚ್ಚಳ ಸಡಿಲಿಸಿದರೆ ಕೆಲಸದವರೆಲ್ಲ ಚಪ್ಪರದ ತಗಡಿಗೆ ಹೋಗಿ ಅಂಟಿಕೊಳ್ಳಬೇಕಾದೀತು. ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಹೊಗೆಸೊಪ್ಪು. ಒಂದು ಉಂಡೆ ಕೆನ್ನೆಗೆ ಇಟ್ಟುಕೊಂಡರೆ ಅದರ ಘಾಟು ಮೂಗಿನ ಹಿಂದೆ ಕೂತು ಪರಿಮಳವನ್ನು ಒಳಗೆ ಬಿಡುವುದಿಲ್ಲ, ಕಾಲು ನೆಲದಲ್ಲೇ ಇರುತ್ತದೆ. ನಮ್ಮೂರಲ್ಲಿ ಅದನ್ನು ಹೊಗೆಸೊಪ್ಪು ಎನ್ನುವವರೂ ಕಡಿಮೆ, ನೆಲದ ಸೊಪ್ಪು ಎನ್ನುತ್ತಾರೆ. ಭಟ್ಟಿಗೆ ಸೇರಿದ ಮೊದಲ ದಿನವೇ ಹಿರಿಯರು ಕೆನ್ನೆಗೆ ಉಂಡೆಯಿಟ್ಟು ಆಶೀರ್ವಾದ ಮಾಡುತ್ತಾರೆ. ಹೊನ್ನತ್ತೆಗೆ ಹಾಗೆ ಇಟ್ಟಾಗ ಅವಳಿನ್ನೂ ಲಂಗ ಹಾಕುತ್ತಿದ್ದಳಂತೆ. ಅವತ್ತಿನಿಂದ ಅವಳ ಎಡಗೆನ್ನೆ ಖಾಲಿ ಇದ್ದದ್ದೇ ಇಲ್ಲ.

ಆ ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಬಂತು. ಮಚ್ಚೆ ಹುಣ್ಣಾಯಿತು, ಹುಣ್ಣು ಮಾಯಲಿಲ್ಲ. ಆಸ್ಪತ್ರೆಯ ಡಾಕ್ಟರ್ ಶಬೀನಾ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಅತ್ತೆಯ ಪಕ್ಕದಲ್ಲಿ ನಾನೂ ಇದ್ದೆ. "ಹೊನ್ನಮ್ಮನವರೇ, ಇದು ಕ್ಯಾನ್ಸರೇ. ಆದರೆ ಇನ್ನೂ ಚಿಕ್ಕದಿದೆ. ಬರೋ ಸೋಮವಾರಕ್ಕೆ ದೊಡ್ಡಾಸ್ಪತ್ರೇಲಿ ಹೇಳಿಟ್ಟಿದ್ದೀನಿ, ತೆಗೆಸಿಬಿಡೋಣ. ತಡ ಮಾಡಿದರೆ ದವಡೆಗೆ ಹೋಗುತ್ತೆ, ಕುತ್ತಿಗೆಗೆ ಹೋಗುತ್ತೆ," ಎಂದರು. ಅತ್ತೆ ಕೆನ್ನೆ ಸವರಿಕೊಂಡು, "ಕೆನ್ನೆ ಕುಯ್ದ್ರೆ ಬಯ್ಯೋದು ಹೆಂಗೆ ಡಾಕ್ಟ್ರಮ್ಮ?" ಎಂದು ಕೇಳಿದಳು. ಡಾಕ್ಟರ್ ನಕ್ಕರು. ಅತ್ತೆ ನಗಲಿಲ್ಲ.

ಇನ್ನು ನನ್ನ ಕೆಲಸದ ವಿಷಯ. ಬಿ.ಎಸ್ಸಿ. ಮುಗಿಸಿ ನಮ್ಮ ಕಾಲೇಜಿನಲ್ಲೇ ಪಂಕಜಾಕ್ಷಿ ಮೇಡಂ ಅವರ ಲ್ಯಾಬಿಗೆ ಸೇರಿದ್ದೇನೆ. ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನು ಪ್ಲಾಸ್ಟಿಕ್ಕಿನ ತಟ್ಟೆಯ ಪುಟ್ಟಪುಟ್ಟ ಗುಳಿಗಳಲ್ಲಿ ಬೆಳೆಸಿ, ಅವುಗಳಿಗೆ ಊರಿನ ಎಣ್ಣೆ ಹಾಕಿದರೆ ಏನಾಗುತ್ತದೆಂದು ನೋಡುವುದು ಕೆಲಸ. ಜೀವಕೋಶಗಳಿಗೆ ಹೊತ್ತುಹೊತ್ತಿಗೆ ಊಟ ಕೊಡಬೇಕು, ಬೆಚ್ಚಗಿಡಬೇಕು. ಅವು ನನ್ನನ್ನು ಏನೂ ಕೇಳುವುದಿಲ್ಲ, ನಾನೂ ಏನೂ ಹೇಳಬೇಕಿಲ್ಲ. ಇಷ್ಟು ಹೊಂದಿಕೆಯ ಸಂಸಾರ ನನಗೆ ಬೇರೆಲ್ಲೂ ಸಿಗಲಾರದು. ಕೊನೆಗೆ ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ, ಸತ್ತವುಗಳಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಹೊನ್ನತ್ತೆಯ ಆಪರೇಷನ್ನಿಗೆ ಸೋಮವಾರ ನಿಗದಿಯಾದ ಆ ವಾರವೇ ಎಣ್ಣೆ ಹಾಕಿದ ಸಾಲು ಪೂರಾ ಹಳದಿಯಾಗಿ ಉಳಿಯಿತು. ಕ್ಯಾನ್ಸರಿನ ಕೋಶಗಳೆಲ್ಲ ಸತ್ತಿದ್ದವು! ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ, ಕಾಲ ಕೆಳಗೆ ನೋಡಿದರೆ ಸ್ಟೂಲು ನನಗಿಂತ ಕೆಳಗಿತ್ತು. ಮೇಡಂ ಬಂದು ನನ್ನ ದುಪಟ್ಟಾ ಹಿಡಿದು ಎಳೆದು ಕೂರಿಸಿ, ತಾವೂ ನೋಡಿ, ತಾವೂ ಮೇಜಿನ ಅಂಚು ಹಿಡಿದುಕೊಂಡರು. ಆಮೇಲೆ ನಾನು ಪಕ್ಕದ ಸಾಲು ನೋಡಿದೆ. ಅದರಲ್ಲಿದ್ದವು ಆರೋಗ್ಯವಂತರ ಒಸಡಿನಿಂದ ಬಂದ ಕೋಶಗಳು, ಒಳ್ಳೆಯವು. ಆ ಸಾಲೂ ಹಳದಿಯಾಗಿತ್ತು. ಎಣ್ಣೆಯನ್ನು ತೀರಾ ತೆಳುಮಾಡಿದ್ದ ಒಂದೆರಡು ಗುಳಿಗಳಲ್ಲಿ ಮಾತ್ರ ಒಳ್ಳೆಯವು ಹೆಚ್ಚು ಉಳಿದು, ಕೆಟ್ಟವು ಸ್ವಲ್ಪ ಹೆಚ್ಚು ಸತ್ತಿದ್ದವು. ಮೇಡಂ ಕನ್ನಡಕ ಒರೆಸಿಕೊಂಡು, "ಈ ಸ್ವಲ್ಪ ಇದೆಯಲ್ಲ ಕುಮುದಾ, ಇದರ ಹಿಂದೆ ಹೋಗಬೇಕು. ವರ್ಷಗಟ್ಟಲೆ. ಆದ್ರೂ ಸಿಕ್ತಲ್ಲ ಹಿಡ್ಕೊಳ್ಳೋಕೆ ಒಂದು ಬಾಲ!" ಎಂದರು.

ಮೇಡಂ ಖುಷಿ ತಡೆಯಲಾರದೆ ದಾರಿಯಲ್ಲಿ ಸಿಕ್ಕ ಭಟ್ಟಿ ಸಂಘದ ಅಧ್ಯಕ್ಷ ಸಣ್ಣಪ್ಪನವರಿಗೆ, ನಿಮ್ಮ ಎಣ್ಣೆ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂದು ಹೇಳಿದರು. ಸಣ್ಣಪ್ಪನವರು ಸಂಘದ ಕಚೇರಿ ಮುಟ್ಟುವ ಹೊತ್ತಿಗೆ ಆ ಮಾತಿನಿಂದ ತಟ್ಟೆ ಬಿದ್ದುಹೋಗಿತ್ತು, ಕೋಶಗಳೂ ಬಿದ್ದುಹೋಗಿದ್ದವು. ಸಂಜೆಗೆ ಮೈಕು ಕಟ್ಟಿದ ಆಟೋ ಬೀದಿ ಬೀದಿ ಸುತ್ತಿತು: "ಮಹಾಜನಗಳೇ, ನಮ್ಮ ಎಣ್ಣೆ ಕ್ಯಾನ್ಸರನ್ನು ಕೊಂದಿದೆ! ನೆಲದ ಸೊಪ್ಪು ಅಗಿಯಿರಿ, ಮಜ್ಜಿಗೆಹುಲ್ಲಿನ ಎಣ್ಣೆ ಮುಕ್ಕಳಿಸಿ! ಭಾನುವಾರ ಭಟ್ಟಿ ಚಪ್ಪರದಲ್ಲಿ ನಮ್ಮೂರ ಹೆಮ್ಮೆಯ ಹುಡುಗಿ ಕುಮುದಾಗೆ ಸನ್ಮಾನ!" ಕೂಗುತ್ತಿದ್ದವನೂ ಮುಕ್ಕಳಿಸಿದ್ದನೆಂದು ಕಾಣುತ್ತದೆ, ಅವನ ದನಿ ಆಟೋದ ಒಳಗಿನಿಂದ ಬರದೆ ಅದರ ಮೇಲಿನಿಂದ ಬರುತ್ತಿತ್ತು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ! ಊರಿಗೆ ಊರೇ ಬಾಯಿತುಂಬ ಎಣ್ಣೆ ತುಂಬಿಕೊಂಡು ಗೊಳಗೊಳ ಎನ್ನಿಸಿತು, ಊರಿಗೆ ಊರೇ ಎದ್ದಿತು. ಕ್ಷೌರದಂಗಡಿಯವನು ಗಿರಾಕಿಯ ತಲೆಯ ಮೇಲಿನಿಂದ, ಬೋರಲಾಗಿ ತೇಲುತ್ತಾ ಕೂದಲು ಕತ್ತರಿಸಿದ, ಹಿಂದೆಂದೂ ಇಷ್ಟು ಸಮನಾಗಿ ಬಂದಿರಲಿಲ್ಲವೆಂದು ಗಿರಾಕಿಯೂ ಒಪ್ಪಿಕೊಂಡ. ಬಸ್ಸಿನ ಕಂಡಕ್ಟರ್ ಜನರ ನಡುವೆ ನುಗ್ಗುವ ಕಷ್ಟವೇ ಇಲ್ಲದೆ ಸೂರಿನುದ್ದಕ್ಕೂ ಜಾರಿಕೊಂಡು ಟಿಕೆಟ್ ಕೊಟ್ಟ. ಕಂಬದ ತಂತಿಗೆ ಒಣಹಾಕಿದ ಬಟ್ಟೆಯ ಹಾಗೆ ಇಬ್ಬರು ಮೇಷ್ಟ್ರುಗಳು ತೂಗಾಡುತ್ತಾ ಹರಟೆ ಹೊಡೆಯುತ್ತಿದ್ದರು, ಕರೆಂಟು ಹೇಗಿದ್ದರೂ ಹೋಗಿತ್ತು. ಮರಿಯಪ್ಪಣ್ಣನ ಅಂಗಡಿಯಲ್ಲಿ ಕಲ್ಲೆಲ್ಲ ಖಾಲಿ. ಬೀಸುವ ಕಲ್ಲು, ಒರಳು, ಇಸ್ತ್ರಿಪೆಟ್ಟಿಗೆ ಕಟ್ಟಿಕೊಂಡು ಹೆಂಗಸರು ಸಂತೆಗೆ ಹೋದರು. ಭಟ್ಟಿಯವರು ನೆಲದ ಸೊಪ್ಪಿನ ಉಂಡೆಯನ್ನು ಎರಡರಷ್ಟು ದಪ್ಪ ಮಾಡಿಕೊಂಡರು. ಮದ್ದು ಮನೆಯಲ್ಲೇ ಇರುವಾಗ ಇನ್ನೇನು ಭಯ! ಇಷ್ಟು ನಗು ನಮ್ಮೂರಲ್ಲಿ ನಾನು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಗು ಬರುತ್ತಿತ್ತು. ನಕ್ಕು, ಆಮೇಲೆ ಹಳದಿಯಾಗಿದ್ದ ಆ ಪಕ್ಕದ ಸಾಲು ನೆನಪಾಗುತ್ತಿತ್ತು.

ಹೊನ್ನತ್ತೆ ಎಲ್ಲರಿಗಿಂತ ಮುಂದೆ. ಬೆಳಿಗ್ಗೆ ಎದ್ದವಳೇ ತೆಳುಮಾಡದ ಎಣ್ಣೆಯನ್ನೇ ಬಾಯಿಗೆ ಹಾಕಿ ಮುಕ್ಕಳಿಸಿ, ಕೆನ್ನೆಯ ಸೊಪ್ಪೂ ತಡೆಯಲಾರದೆ, ಅಡುಗೆಮನೆಯ ಸೂರಿಗೆ ಏರಿಬಿಡುತ್ತಿದ್ದಳು. ನಾನು ತಂದ ಆ ಹಗ್ಗ ಕೊನೆಗೂ ಕೆಲಸಕ್ಕೆ ಬಂತು. ಒಂದು ತುದಿ ಮಂಚದ ಕಾಲಿಗೆ, ಇನ್ನೊಂದು ಅವಳ ಸೊಂಟಕ್ಕೆ. ಅಲ್ಲಿಂದಲೇ ಸಾರಿಗೆ ಉಪ್ಪು ಹಾಕು, ಕಸ ಅಲ್ಲಿ ಉಳೀತು ನೋಡು ಎಂದು ಹೇಳುತ್ತಿದ್ದಳು. ಒಂದು ಬೆಳಿಗ್ಗೆ ತಲೆಕೆಳಗಾಗಿ ನನ್ನ ಮುಖದ ಹತ್ತಿರ ಇಳಿದು ಬಂದು, "ಕುಮ್ಮೀ, ದೊಡ್ಡಾಸ್ಪತ್ರೆಗೆ ಬರಕಿಲ್ಲ ಅಂತ ಹೇಳಿ ಕಳಿಸಿಬಿಟ್ಟೆ ಕಣೆ. ನೀನೇ ಅಲ್ವಾ ಸಾಯಿಸಿದ್ದು ಅದನ್ನ? ನಿಜ ತಾನೇ?" ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ನನಗಾಗಿ ಹೆಮ್ಮೆ ಪಡುವ ಮುಖವನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಕೋಶಗಳನ್ನು ಸಾಯಿಸಿದ್ದಂತೂ ನಿಜವೇ. "ಹೂಂ," ಎಂದೆ.

ಆ ಒಂದು ಹೂಂ ನನ್ನನ್ನು ತಿನ್ನತೊಡಗಿತು. ಓಡಿಹೋಗಿ ಮೇಡಂಗೆ ಹೇಳಿದೆ, ಅಂದರೆ ಅರ್ಧ ಅಳುತ್ತಾ ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಮೇಡಂ ಹಣೆ ಚಚ್ಚಿಕೊಂಡರು. "ನಾನು ತಟ್ಟೆಯಲ್ಲಿ ಅಂತ ಸ್ಪಷ್ಟವಾಗಿ ಹೇಳಿದ್ದೆ ಕಣಮ್ಮ! ಸಂಘಕ್ಕೆ ಹೋಗಿ ಮತ್ತೆ ಹೇಳಿದೆ, ಸಣ್ಣಪ್ಪನವರು ಸೂರಿನಿಂದಲೇ ನಮಸ್ಕಾರ ಹೊಡೆದು ಕಾಫಿ ಕುಡೀರಿ ಮೇಡಂ ಅಂದ್ರು. ಡಾಕ್ಟರ್ ಶಬೀನಾನೂ ಹೋಗಿ ಬಂದ್ರು. ನಿಮ್ಮ ವ್ಯಾಪಾರ ಹೋಯ್ತು ಅಂತ ಹೊಟ್ಟೆಯುರಿ ನಿಮ್ಗೆ ಅಂತ ಸಂಘದವರು ಅವರಿಗೇ ಅಂದ್ರಂತೆ. ಸೋಮವಾರದ ಜಾಗ ಮಾತ್ರ ನಿಮ್ಮತ್ತೆಗೇ ಇರಲಿ ಅಂತ ಅವರು ದೊಡ್ಡಾಸ್ಪತ್ರೆಗೆ ಹೇಳಿಟ್ಟಿದ್ದಾರೆ. ಭಾನುವಾರ ಮೈಕು ನಿನ್ನ ಕೈಗೆ ಬರುತ್ತೆ. ನೀನು ಹೇಳು. ನೀನು ಹೇಳಿದ್ರೆ ನಿಮ್ಮತ್ತೆ ಕೇಳ್ತಾರೆ." ನಾನು ಹೇಳುವುದೇ! ಹಗ್ಗ ಎನ್ನಲು ಬೆವರಿದವಳು ನಾನು.

ಭಾನುವಾರ ಭಟ್ಟಿ ಚಪ್ಪರ ತುಂಬಿ ತುಳುಕುತ್ತಿತ್ತು, ಮೇಲಿನಿಂದ ಕೆಳಗಿನವರೆಗೆ. ನೆಲದಲ್ಲಿ ಕುರ್ಚಿ ಹಾಕಿದ್ದರೂ ಕೂತವರು ಕಡಿಮೆ. ಮೊಣಕಾಲಿನೆತ್ತರದಲ್ಲಿ ಮಕ್ಕಳು, ಅದರ ಮೇಲೆ ಹೆಂಗಸರು, ಅದರ ಮೇಲೆ ಸಂಘದ ಸದಸ್ಯರು ಹೀಗೆ ಸಾಲುಸಾಲಾಗಿ ತೇಲುತ್ತಿದ್ದರು. ಒಣಮೀನಿನ ಸಾಕಮ್ಮ ಕೂಡ ಬುಟ್ಟಿಯ ಮುಚ್ಚಳವನ್ನು ಭದ್ರವಾಗಿ ಕಟ್ಟಿ, ಅದನ್ನೇ ತಲೆದಿಂಬು ಮಾಡಿಕೊಂಡು ಮೇಲೆ ಅಂಗಾತ ಮಲಗಿದ್ದಳು. ಎಲ್ಲರಿಗಿಂತ ಎತ್ತರದಲ್ಲಿ, ಸರಿಯಾಗಿ ವೇದಿಕೆಯ ಮೇಲೆ, ತಗಡಿನ ಕೆಳಗಿನ ತೊಲೆಗೆ ಒಂದು ಕೈ ಕೊಟ್ಟುಕೊಂಡು, ಹೊಸ ಸೀರೆಯಲ್ಲಿ ಹೊನ್ನತ್ತೆ. ಅವಳ ಹಗ್ಗ ನಮ್ಮ ಮನೆಯ ಮಂಚದಲ್ಲೇ ಉಳಿದಿತ್ತು. "ನನ್ ಮಗಳು ಕಣ್ರೋ! ಬಾಯ್ ಬರದಿದ್ರೂ ಕೈ ಬತ್ತದೆ ಅವಳ್ಗೆ!" ಎಂದು ಕೂಗುತ್ತಿದ್ದಳು.

ಸಣ್ಣಪ್ಪನವರು ಮಾತಾಡಿದರು. ಏನೆಂದರೋ ನನಗೆ ಕೇಳಿಸಲಿಲ್ಲ. ನಾನು ಮೇಜಿನ ಕಾಲನ್ನು ಪಾದದಲ್ಲಿ ಗಟ್ಟಿಯಾಗಿ ಸುತ್ತಿಕೊಂಡು ನಿಂತಿದ್ದೆ. ಇದ್ದದ್ದು ಹಳೆಯ ಒಂದೇ ಕಲ್ಲು. ಅವರು ಕೊರಳಿಗೆ ಮಲ್ಲಿಗೆ ಹಾರ ಹಾಕಿದರು, ಪಾದ ಮೇಜಿನಿಂದ ಜಾರಿತು. ಜನ ಹೋ ಎಂದರು. ಸಣ್ಣಪ್ಪನವರೇ ನನ್ನ ಮೊಣಕಾಲು ಹಿಡಿದು ನಿಲ್ಲಿಸಿ, ಮೈಕನ್ನು ಕೈಗಿತ್ತು, "ಎರಡೇ ಮಾತು ಹೇಳಮ್ಮ, ಎಣ್ಣೆ ಮುಕ್ಕಳಿಸಿ ಅನ್ನು, ಸಾಕು," ಎಂದರು. ಮೈಕಿನೊಳಗೆ ನನ್ನ ಉಸಿರು ಮಾತ್ರ ಊರೆಲ್ಲ ಕೇಳುವಂತೆ ಗೊರಗುಟ್ಟಿತು. ಯಾರೋ ಕಿಸಕ್ಕೆಂದರು. ಮರಿಯಪ್ಪಣ್ಣ ಎಲ್ಲಿಂದಲೋ, "ಹಗ್ಗ ಕೊಡ್ಲಾ ಅವ್ವಾ?" ಎಂದು ಕೇಳಿದ. ಇಡೀ ಚಪ್ಪರ ಬಿದ್ದುಬಿದ್ದು ನಕ್ಕಿತು, ಹೊನ್ನತ್ತೆ ಎಲ್ಲರಿಗಿಂತ ಜೋರಾಗಿ, ಬಾಯಿ ಅಗಲಿಸಿ, ನನ್ನತ್ತ ಕೆಳಕ್ಕೆ ಬಗ್ಗಿ.

ಸರಿಯಾಗಿ ಅವಳ ಕೆಳಗಿದ್ದ ನನಗೆ ಆ ಬಾಯಿಯ ಒಳಭಾಗ ಕಂಡಿತು. ಹುಣ್ಣು ದೊಡ್ಡದಾಗಿತ್ತು. ಸುತ್ತ ಎಣ್ಣೆ ಸುಟ್ಟ ಜಾಗ ಬೆಂದ ಮೊಟ್ಟೆಯ ಹಾಗೆ ಬೆಳ್ಳಗಿತ್ತು, ನಡುವಿನಿಂದ ಕೆಂಪಗೆ ಜಿನುಗುತ್ತಿತ್ತು. ಅವಳು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನಕ್ಕಳು. ಸೆರಗಿನ ಆ ಮೂಲೆಯಲ್ಲಿ ಆಗಲೇ ಬೇರೆ ಬೇರೆ ಕಲೆಗಳಿದ್ದವು, ಹಳೆಯವು, ಮಡಿಚಿ ಮುಚ್ಚಿಕೊಂಡವು.

ನನಗೆ ಏನನ್ನಿಸಿತೋ ಗೊತ್ತಿಲ್ಲ. ಸೊಂಟದ ಪಟ್ಟಿ ಬಿಚ್ಚಿದೆ. ಕಲ್ಲು ವೇದಿಕೆಯ ಹಲಗೆಯ ಮೇಲೆ ದಢ್ ಎಂದು ಬಿತ್ತು. "ಅಯ್ಯೋ ಹಿಡೀರೋ!" ಎಂದು ಸಣ್ಣಪ್ಪನವರು ಕೈಚಾಚುವಷ್ಟರಲ್ಲಿ ಅವರ ಪೇಟ ನನ್ನ ಪಾದಕ್ಕಿಂತ ಕೆಳಗಿತ್ತು. ಜಡೆಯ ಎಣ್ಣೆ, ಕೊರಳ ಮಲ್ಲಿಗೆ ಎರಡೂ ಸೇರಿ ನನ್ನನ್ನು ಎತ್ತಿದವು. ಮಕ್ಕಳ ಸಾಲು ದಾಟಿದೆ, ಹೆಂಗಸರ ಸಾಲು ದಾಟಿದೆ, ಸಾಕಮ್ಮನ ಬುಟ್ಟಿಗೆ ಭುಜ ತಗುಲಿತು. ಕೈಯಲ್ಲಿ ಮೈಕು ಹಾಗೇ ಇತ್ತು, ಅದರ ಕರಿ ತಂತಿ ಬಾಲದ ಹಾಗೆ ಹಿಂದೆ ಏರಿ ಬರುತ್ತಿತ್ತು. ನನಗೆ ಭಯವಾಗಬೇಕಿತ್ತು, ಆದರೆ ಎಂಥ ಮಜವಾಗಿತ್ತು! ಎಲ್ಲರೂ ನನ್ನ ಕಾಲು ನೋಡುತ್ತಿದ್ದರು, ನೋಡಲಿ ಅನ್ನಿಸಿತು. ತೊಲೆ ಸಿಕ್ಕಿತು, ಹಿಡಿದುಕೊಂಡೆ. ಅತ್ತೆಯ ಮುಖ ನನ್ನ ಮುಖದ ಎದುರಿಗೇ ಇತ್ತು.

"ಏನೇ ಮೂಗಿ, ಅಷ್ಟು ಜನರ ಮುಂದೆ ಮಾತಾಡು ಅಂದ್ರೆ ನನ್ನತ್ರ ಓಡ್ ಬಂದ್ಯಾ? ಚಿಕ್ಕೋಳಿದ್ದಾಗ್ಲೂ ಹಿಂಗೇ, ಸ್ಕೂಲಲ್ಲಿ ಪದ್ಯ ಹೇಳು ಅಂದ್ರೆ ನನ್ನ ಸೆರಗಿಗೆ," ಎಂದಳು. ಅವಳ ದನಿ ಮೈಕಿನಲ್ಲಿ ಊರಿಗೆಲ್ಲ ಕೇಳಿತು, ಕೆಳಗೆ ಮತ್ತೆ ನಗು. ಆಮೇಲೆ ಅವಳು ಮೆಲ್ಲಗೆ, ಮೈಕು ಮರೆತು ಹೇಳಿದಳು: "ಇಲ್ಲಿ ನೋವಾಗಕಿಲ್ಲ ಕಣೆ ಕುಮ್ಮೀ. ಅದಕ್ಕೇ ಇಲ್ಲಿರ್ತೀನಿ. ನೆಲಕ್ಕೆ ಕಾಲಿಟ್ಟೇಟ್ಗೆ ಕೆನ್ನೆ ಬೆಂಕಿ." ಅದೂ ಕೇಳಿಸಿತು. ನಗು ನಿಂತಿತು.  ಅತ್ತೆ ನನ್ನ ಜಡೆಯ ತುದಿ ಹಿಡಿದುಕೊಂಡಳು, ನಾನು ಮಗುವಾಗಿದ್ದಾಗ ಸಂತೆಯಲ್ಲಿ ತಪ್ಪಿಸಿಕೊಳ್ಳದಿರಲೆಂದು ಹಿಡಿದುಕೊಳ್ಳುತ್ತಿದ್ದ ಹಾಗೆ. "ವಾಸಿಯಾಯ್ತದಲ್ವಾ? ನೀನು ಓದ್ದೋಳು. ಹೂಂ ಅಂದಿದ್ಯಲ್ಲ."

ನನ್ನ ತುಟಿ ಅದೇ ಹೂಂಗೆ ಸಿದ್ಧವಾಗಿ ಮುಚ್ಚಿಕೊಂಡಿತು. ಬಿಚ್ಚಿದೆ.

"ಇಲ್ಲ ಅತ್ತೆ," ಎಂದೆ. ನನ್ನ ದನಿ ತಗಡಿಗೆ ಬಡಿದು, ಎಲ್ಲರ ಮೇಲೂ ಬಿದ್ದು, ನನಗೇ ವಾಪಸ್ಸು ಬಂತು. ಅದು ಇಷ್ಟು ದೊಡ್ಡದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. "ವಾಸಿಯಾಗಲ್ಲ. ಆ ತಟ್ಟೆಯಲ್ಲಿ ಕೆಟ್ಟವು ಸತ್ತವು, ಪಕ್ಕದಲ್ಲಿ ಒಳ್ಳೇವೂ ಸತ್ತವು. ನಿನ್ನ ಬಾಯಿ ತಟ್ಟೆ ಅಲ್ಲ. ಎಣ್ಣೆ ನಿನ್ನ ಸುಡ್ತಾ ಇದೆ, ಸೊಪ್ಪು ನಿನ್ನ ತಿಂತಾ ಇದೆ, ನಂಗೆ ತುಂಬಾ ಭಯ ಆಗ್ತಿದೆ. ನಾಳೆ ನನ್ನ ಜೊತೆ ಬಸ್ ಹತ್ತು. ಕುಯ್ದ್ರೆ ಕುಯ್ಲಿ ಅತ್ತೆ, ಅರ್ಧ ಕೆನ್ನೇಲೇ ಬೈ ನನ್ನ, ಸಾಕು. ಬಯ್ಯೋಕೆ ನೀನಿರು."